ಸನ್‌ಸ್ಕ್ರೀನ್ ಟ್ಯೂಬಿನ ಮೇಲಿನ ಎರಡನೆಯ ಸಾಲು

ಓದುಗರ ಪ್ರಶ್ನೆ, ಚರ್ಮವೈದ್ಯರ ಉತ್ತರ

ಹೋಳಿ ಹುಣ್ಣಿಮೆ ಕಳೆದು ಯುಗಾದಿ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಬಿಸಿಲಿನ ಕುರಿತಾಗಿಯೇ ಇರುತ್ತವೆ. ಈ ಸಲ ಬಂದವುಗಳಲ್ಲಿ ಸನ್‌ಸ್ಕ್ರೀನಿಗೆ ಸಂಬಂಧಿಸಿದ ಏಳು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ‘ಎಷ್ಟು ಎಸ್‌ಪಿಎಫ್ ಇರುವುದನ್ನು ಕೊಳ್ಳಬೇಕು?’ ಎಂದು ಹಲವರು ಕೇಳಿದ್ದಾರೆ. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಆ ದೊಡ್ಡ ಸಂಖ್ಯೆಯ ಪಕ್ಕದಲ್ಲೋ ಕೆಳಗೋ ಸಣ್ಣದಾಗಿ ಅಚ್ಚಾಗಿರುವ ಇನ್ನೊಂದು ಸಾಲಿನ ಬಗ್ಗೆ ಮಾತ್ರ ಒಬ್ಬರೂ ಕೇಳಿಲ್ಲ. ನಮ್ಮ ಮೈಬಣ್ಣದವರು ಮೊದಲು ಓದಬೇಕಾದದ್ದು ಆ ಸಾಲನ್ನೇ.

ಪ್ರಶ್ನೆ: ನನಗೆ 42 ವರ್ಷ. ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎರಡನೆಯ ಹೆರಿಗೆಯ ನಂತರ ಎರಡೂ ಕೆನ್ನೆಗಳ ಮೇಲೆ ಮೂಡಿದ ಬಂಗು ಹಾಗೆಯೇ ಉಳಿದಿದೆ. ಒಂದು ವರ್ಷದಿಂದ ಎಸ್‌ಪಿಎಫ್ 50 ಇರುವ ಸನ್‌ಸ್ಕ್ರೀನನ್ನು ಬೆಳಗ್ಗೆ ತಪ್ಪದೆ ಹಚ್ಚುತ್ತಿದ್ದೇನೆ. 50 ಗ್ರಾಂ ಟ್ಯೂಬ್ ನನಗೆ ಐದು ತಿಂಗಳು ಬರುತ್ತದೆ. ರಾತ್ರಿ ಮಲಗುವಾಗ, ಔಷಧದ ಅಂಗಡಿಯವರು ಕೊಟ್ಟ ‘ಕಲೆ ತೆಗೆಯುವ’ ಕ್ರೀಮ್ ಹಚ್ಚುತ್ತೇನೆ. ಮೊದಲ ತಿಂಗಳು ಮುಖ ತಿಳಿಯಾಯಿತು. ಈಗ ಬಿಸಿಲಿಗೆ ಹೋದರೆ ಕೆನ್ನೆ ಕೆಂಪೇರಿ ಉರಿಯುತ್ತದೆ, ಬಂಗು ಮೊದಲಿಗಿಂತ ಗಾಢವಾಗಿದೆ. ಎಸ್‌ಪಿಎಫ್ 100 ತರಿಸಿಕೊಳ್ಳಬೇಕೇ?
ಶಿಕ್ಷಕಿ, ಬಳ್ಳಾರಿ

ಉತ್ತರ: ನಿಮ್ಮ ತೊಂದರೆಯ ಅರ್ಧ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಐದು ತಿಂಗಳೆಂದರೆ 150 ದಿನ. 50 ಗ್ರಾಂ ಕ್ರೀಮನ್ನು ಅಷ್ಟು ದಿನಗಳಿಗೆ ಹಂಚಿದರೆ ದಿನಕ್ಕೆ ಸಿಗುವುದು ಒಂದು ಗ್ರಾಂನ ಮೂರನೆಯ ಒಂದು ಭಾಗ. ಟ್ಯೂಬಿನ ಮೇಲೆ ಅಚ್ಚಾದ ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ನಿರ್ಧರಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಲೇಪಿಸಿರುತ್ತಾರೆ. ಆ ಲೆಕ್ಕದಲ್ಲಿ ಒಬ್ಬರ ಮುಖ ಮತ್ತು ಕುತ್ತಿಗೆಗೆ ಒಂದೂಕಾಲು ಗ್ರಾಂನಷ್ಟಾದರೂ ಬೇಕು. ತಕ್ಕಡಿ ಹಿಡಿದು ಕೂರುವ ಅಗತ್ಯವಿಲ್ಲ; ತೋರುಬೆರಳು ಮತ್ತು ನಡುಬೆರಳುಗಳನ್ನು ಜೋಡಿಸಿ ಹಿಡಿದು, ಬುಡದಿಂದ ತುದಿಯವರೆಗೆ ಒಂದೊಂದು ಗೆರೆಯಂತೆ ಕ್ರೀಮನ್ನು ಹಿಂಡಿಕೊಂಡರೆ ಆ ಪ್ರಮಾಣ ಸಿಗುತ್ತದೆ. ನನ್ನ ಚಿಕಿತ್ಸಾಲಯದಲ್ಲಿ ಇದನ್ನು ಮಾಡಿ ತೋರಿಸಿದಾಗ ‘ಇಷ್ಟೊಂದಾ?’ ಎಂದು ಹುಬ್ಬೇರಿಸದವರು ಕಡಿಮೆ. ಸರಿಯಾದ ಪ್ರಮಾಣದಲ್ಲಿ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಸುಮಾರು ನಲವತ್ತು ದಿನಗಳಲ್ಲಿ ಖಾಲಿಯಾಗಬೇಕು. ಕಾಲು ಭಾಗ ಹಚ್ಚಿದವರಿಗೆ 50ರ ರಕ್ಷಣೆ ಸಿಗುವುದಿಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನು 100ರ ವಿಚಾರ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 15 ಇರುವ ಕ್ರೀಮ್ ಬಿಸಿಲಿನಲ್ಲಿ ಚರ್ಮ ಸುಡುವ ಕಿರಣಗಳ ಶೇ 93ರಷ್ಟನ್ನು ತಡೆದರೆ, 30 ಇರುವುದು ಶೇ 97ರಷ್ಟನ್ನೂ, 50 ಇರುವುದು ಶೇ 98ರಷ್ಟನ್ನೂ ತಡೆಯುತ್ತದೆ. ಅಲ್ಲಿಂದ 100ಕ್ಕೆ ಹೋದರೆ ಹೆಚ್ಚುವುದು ಶೇ 1 ಮಾತ್ರ. ಆ ಹಣವನ್ನು ಎರಡನೆಯ ಟ್ಯೂಬಿಗೆ ಹಾಕಿ.

ಆದರೆ ನಿಮ್ಮಂಥವರ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಎಸ್‌ಪಿಎಫ್ ಎಂಬುದು ಬಿಸಿಲಿಗೆ ಚರ್ಮ ಕೆಂಪಾಗುವುದನ್ನು ಆಧಾರವಾಗಿಟ್ಟುಕೊಂಡ ಅಳತೆ. ಕೆಂಪಾಗಿಸುವುದರಲ್ಲಿ ದೊಡ್ಡ ಪಾಲು ನೇರಳಾತೀತ ಕಿರಣಗಳಲ್ಲಿ ಯುವಿಬಿ ಎಂಬ ವರ್ಗದ್ದು. ಬೆಳ್ಳಗಿನ ಚರ್ಮದ ಯುರೋಪಿನವರಿಗೆ ಅದೇ ದೊಡ್ಡ ಸಂಕಟ, ನಮಗೆ ಹಾಗಲ್ಲ. ಬಿಸಿಲಿಗೆ ನಾವು ಕೆಂಪಾಗುವುದಕ್ಕಿಂತ ಕಪ್ಪಾಗುವುದೇ ಹೆಚ್ಚು. ಹಾಗೆ ಕಪ್ಪಾಗಿಸುವುದರಲ್ಲಿ ಇನ್ನೂ ಆಳಕ್ಕಿಳಿಯುವ ಯುವಿಎ ಕಿರಣಗಳ ಕೈವಾಡ ದೊಡ್ಡದು. ಅಂದರೆ ನಮ್ಮನ್ನು ಕಡಿಮೆ ಕಾಡುವ ತೊಂದರೆಯ ಅಳತೆಯನ್ನು ಟ್ಯೂಬಿನ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಹೆಚ್ಚು ಕಾಡುವುದರ ಅಳತೆ ಸಣ್ಣ ಅಕ್ಷರದಲ್ಲಿರುತ್ತದೆ. ಅದು ‘ಪಿಎ’ ಎಂದು ಬರೆದು ಮುಂದೆ ಪ್ಲಸ್ ಗುರುತುಗಳನ್ನು ಹಾಕಿರುವ ಸಾಲು. ಜಪಾನಿನಲ್ಲಿ 1996ರಲ್ಲಿ ಮೂರು ಪ್ಲಸ್‌ಗಳೊಂದಿಗೆ ಆರಂಭವಾದ ಈ ಪದ್ಧತಿಗೆ 2013ರಲ್ಲಿ ನಾಲ್ಕನೆಯದು ಸೇರಿತು. ಒಂದು ಪ್ಲಸ್ ಇದ್ದರೆ ಯುವಿಎ ರಕ್ಷಣೆ ಅಲ್ಪ, ನಾಲ್ಕಿದ್ದರೆ ಅತ್ಯಧಿಕ. ಯುರೋಪಿನ ತಯಾರಿಕೆಗಳಲ್ಲಿ ಇದರ ಬದಲಿಗೆ ಒಂದು ಸಣ್ಣ ವೃತ್ತದೊಳಗೆ ಯುವಿಎ ಎಂದು ಬರೆದಿರುತ್ತದೆ. ಅದರ ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿಲ್ಲ ಎಂದು ಇದರ ಅರ್ಥ. ನೀವು ಎಸ್‌ಪಿಎಫ್ 30 ಅಥವಾ 50 ಇದ್ದು, ಮೂರು ಅಥವಾ ನಾಲ್ಕು ಪ್ಲಸ್ ಇರುವುದನ್ನೇ ಕೊಳ್ಳಿ.

ಬಂಗು ಇರುವವರಿಗೆ ಅದೂ ಸಾಲುವುದಿಲ್ಲ. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕು ಸಹ, ಅದರಲ್ಲೂ ಅದರ ನೇರಳೆ ಮತ್ತು ನೀಲಿ ಭಾಗ, ಕಲೆಯನ್ನು ಗಾಢವಾಗಿಸುತ್ತದೆ. ಹಚ್ಚಿದ ಮೇಲೆ ಕಾಣದೆ ಮಾಯವಾಗುವ ಕ್ರೀಮಿಗೆ ಈ ಬೆಳಕನ್ನು ತಡೆಯಲು ಬರುವುದಿಲ್ಲ. ಬೆಳಕನ್ನು ತಡೆದಿದ್ದರೆ ಅದು ನಮ್ಮ ಕಣ್ಣಿಗೆ ಕಾಣಬೇಕಿತ್ತಲ್ಲವೇ? ಅದನ್ನು ತಡೆಯುವುದು ಐರನ್ ಆಕ್ಸೈಡ್, ಅಂದರೆ ಕಾವಿಗೆ ಕೆಂಪು ಬಣ್ಣ ಕೊಡುವ ಅದೇ ಕಬ್ಬಿಣದ ಆಕ್ಸೈಡು. ಇದನ್ನು ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನುಗಳನ್ನು ‘ಟಿಂಟೆಡ್’ ಎಂದು ಮಾರುತ್ತಾರೆ. ಅಂಗಡಿಯಲ್ಲಿ ಅದನ್ನು ಮೇಕಪ್ ಎಂದುಕೊಂಡು ಬದಿಗಿಡಬೇಡಿ. ಬಂಗಿನ ಮಟ್ಟಿಗೆ ಅದೇ ಔಷಧಕ್ಕೆ ಹತ್ತಿರವಾದ ಆಯ್ಕೆ.

ಕೊನೆಯದಾಗಿ, ಆ ರಾತ್ರಿಯ ಕ್ರೀಮು. ಮೊದಲು ತಿಳಿಯಾಗಿ, ಆಮೇಲೆ ಕೆಂಪೇರಿ, ಉರಿದು, ಕಲೆ ಇಮ್ಮಡಿಯಾಗುವ ಕಥೆಯನ್ನು ನಾನು ವಾರಕ್ಕೆ ಹಲವು ಬಾರಿ ಕೇಳುತ್ತೇನೆ. ಅದರ ಪೊಟ್ಟಣದ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಇದ್ದರೆ ಅದು ಸ್ಟೀರಾಯ್ಡ್; ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗಿ, ಸಣ್ಣ ರಕ್ತನಾಳಗಳು ಹೊರಗೆ ಕಾಣತೊಡಗುತ್ತವೆ, ಕೆಲವರಿಗೆ ಗಲ್ಲದ ಮೇಲೆ ಕೂದಲೂ ಬೆಳೆಯುತ್ತದೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಕೊಡುವಂತಿಲ್ಲ ಎಂಬ ನಿಯಮವಿದ್ದರೂ ಮಾರಾಟ ನಿಂತಿಲ್ಲ. ಹಾಗೆಂದು ಇಂದೇ ಎಸೆದು ಸುಮ್ಮನಾಗಬೇಡಿ. ಒಮ್ಮೆಲೇ ನಿಲ್ಲಿಸಿದರೆ ಮುಖ ಇನ್ನಷ್ಟು ಕೆರಳುವುದುಂಟು. ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮರೋಗ ತಜ್ಞರ ಬಳಿಗೆ ಹೋಗಿ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಪದವಿ ಓದುತ್ತಿದ್ದೇನೆ. ಮುಖದಲ್ಲಿ ಎಣ್ಣೆ ಜಾಸ್ತಿ, ಮೊಡವೆಗಳೂ ಇವೆ. ಸನ್‌ಸ್ಕ್ರೀನ್ ಹಚ್ಚಿದರೆ ಬಸ್ಸು ಇಳಿಯುವಷ್ಟರಲ್ಲಿ ಬೆವರಿನೊಂದಿಗೆ ಇಳಿದು ಕಣ್ಣು ಉರಿಯುತ್ತದೆ. ‘ಮಿನರಲ್’ ಒಳ್ಳೆಯದೆಂದು ಗೆಳತಿ ಹೇಳಿದ್ದನ್ನು ತಂದೆ. ಮುಖಕ್ಕೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ‘ಕೆಮಿಕಲ್’ ಇರುವುದು ಅಪಾಯವೇ?
ವಿದ್ಯಾರ್ಥಿನಿ, ಮಂಗಳೂರು

ಉತ್ತರ: ‘ಕೆಮಿಕಲ್’ ಎಂಬ ಪದಕ್ಕೆ ಬೆದರಬೇಡಿ. ಸತುವಿನ ಆಕ್ಸೈಡು, ಟೈಟಾನಿಯಂ ಡೈಆಕ್ಸೈಡು ಎಂಬ ಎರಡು ಬಿಳಿ ಪುಡಿಗಳಿರುವುದನ್ನು ಮಿನರಲ್ ಎಂದೂ, ಅವೊಬೆನ್ಜೋನ್‌ನಂತಹ ಸಾವಯವ ಸಂಯುಕ್ತಗಳಿರುವುದನ್ನು ಕೆಮಿಕಲ್ ಎಂದೂ ಕರೆಯುವುದು ರೂಢಿ. ಮೊದಲನೆಯದು ಕಿರಣಗಳನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ, ಎರಡನೆಯದು ಹೀರಿಕೊಳ್ಳುತ್ತದೆ ಎಂದು ಜಾಹೀರಾತುಗಳಲ್ಲಿ ಚಿತ್ರ ಬಿಡಿಸಿ ತೋರಿಸುತ್ತಾರೆ. ವಾಸ್ತವದಲ್ಲಿ ಆ ಬಿಳಿ ಪುಡಿಗಳೂ ನೇರಳಾತೀತ ಕಿರಣಗಳ ಬಹುಪಾಲನ್ನು ಹೀರಿಕೊಂಡೇ ತಡೆಯುತ್ತವೆ; ಚದುರಿಸುವುದು ಸ್ವಲ್ಪ ಮಾತ್ರ. ವ್ಯತ್ಯಾಸವಿರುವುದು ಚರ್ಮಕ್ಕೆ ಒಗ್ಗುವ ರೀತಿಯಲ್ಲಿ. ಮಿನರಲ್ ಬಗೆಯದು ಉರಿ, ಅಲರ್ಜಿ ಇರುವವರಿಗೂ ಮಕ್ಕಳಿಗೂ ಹಿತ, ಆದರೆ ನಮ್ಮ ಮೈಬಣ್ಣದ ಮೇಲೆ ಬೂದಿಯಾಗಿ ಕಾಣುತ್ತದೆ. ಕೆಮಿಕಲ್ ಬಗೆಯದು ಕಾಣದಂತೆ ಹರಡಿಕೊಳ್ಳುತ್ತದೆ, ಕೆಲವರಿಗೆ ಕಣ್ಣು ಉರಿಸುತ್ತದೆ. ಅವೊಬೆನ್ಜೋನ್ ಒಂಟಿಯಾಗಿದ್ದರೆ ಬಿಸಿಲಿನಲ್ಲಿ ತಾನೇ ಒಡೆದು ಶಕ್ತಿಗುಂದುವ ಗುಣದ್ದಾದ್ದರಿಂದ, ಅದರ ಜೊತೆಗೆ ಆಕ್ಟೊಕ್ರಿಲೀನ್ ಅಥವಾ ಟಿನೊಸಾರ್ಬ್ ಎಂಬ ಹೆಸರು ಇದ್ದರೆ ಒಳ್ಳೆಯದು.

ನಿಮ್ಮ ಊರಿನ ಸೆಕೆಗೆ, ನಿಮ್ಮ ಎಣ್ಣೆ ಚರ್ಮಕ್ಕೆ ಜೆಲ್ ಅಥವಾ ನೀರಿನಂತಹ ದ್ರವರೂಪದ್ದೇ ಸರಿ; ದಪ್ಪ ಕ್ರೀಮ್ ಬೇಡ. ಪೊಟ್ಟಣದ ಮೇಲೆ ‘ನಾನ್ ಕಾಮಿಡೊಜೆನಿಕ್’, ಅಂದರೆ ರಂಧ್ರ ಮುಚ್ಚಿ ಮೊಡವೆ ತರಿಸದು, ಎಂದು ಬರೆದಿರುವುದನ್ನು ಆರಿಸಿ. ಆದರೆ ಆ ಬರಹವನ್ನು ಪೂರ್ತಿ ನಂಬದೆ, ದವಡೆಯ ಒಂದು ಬದಿಯಲ್ಲಿ ಮಾತ್ರ ಕೆಲವು ದಿನ ಹಚ್ಚಿ ನೋಡಿದ ಬಳಿಕ ಮುಖಕ್ಕೆಲ್ಲ ಹಚ್ಚಿ. ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ಬೆವರಿಗೂ ಸ್ವಲ್ಪ ತಡೆಯುತ್ತದೆ. ಮನೆಯಿಂದ ಹೊರಡುವ ಹದಿನೈದು ನಿಮಿಷ ಮೊದಲೇ ಹಚ್ಚಿದರೆ ಅದು ಪದರವಾಗಿ ಕೂರಲು ಸಮಯ ಸಿಗುತ್ತದೆ. ಬಸ್‌ಸ್ಟಾಪಿನಲ್ಲಿ ನಿಂತು ಹಚ್ಚಿಕೊಂಡದ್ದು ಬಸ್ಸಿನಲ್ಲಿಯೇ ಇಳಿಯುತ್ತದೆ. ಕೆಳಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿದ್ದರೆ ಬಿಡಿ, ಅದರ ಮೇಲೆ ಯಾವ ಪದರವೂ ನಿಲ್ಲುವುದಿಲ್ಲ. ಕಣ್ಣಿನ ಸುತ್ತಲಷ್ಟೇ ನೀವು ತಂದಿರುವ ಆ ಮಿನರಲ್ ಕ್ರೀಮನ್ನು ತೆಳುವಾಗಿ ಬಳಸಿ, ಹಣವೂ ವ್ಯರ್ಥವಾಗುವುದಿಲ್ಲ. ಮೊಡವೆಗೆಂದು ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿದ್ದರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಎಂಬುದು ನೆನಪಿರಲಿ. ಸ್ಕೂಟಿಯಲ್ಲಿ ಹೋಗುವಾಗ ನಿಮ್ಮ ವಯಸ್ಸಿನವರು ಮುಖಕ್ಕೆ ವೇಲ್ ಸುತ್ತಿಕೊಳ್ಳುವುದನ್ನು ಕೆಲವರು ಗೇಲಿ ಮಾಡುತ್ತಾರೆ; ನಾನಂತೂ ಅದನ್ನು ಕಂಡಾಗಲೆಲ್ಲ ಮನಸ್ಸಿನಲ್ಲೇ ಭೇಷ್ ಎನ್ನುತ್ತೇನೆ.

ಪ್ರಶ್ನೆ: ನಮ್ಮದು ಒಣಬೇಸಾಯ. ನಮ್ಮ ಅಪ್ಪ ಎಂಬತ್ತು ವರ್ಷ ಹೊಲದಲ್ಲಿ ದುಡಿದರು, ಒಂದು ದಿನವೂ ಮುಖಕ್ಕೆ ಏನೂ ಹಚ್ಚಲಿಲ್ಲ. ಕರಿಯ ಮೈಯವರಿಗೆ ಇದೆಲ್ಲ ಬೇಕೇ? ಇನ್ನೊಂದು ಮಾತು: ನನ್ನ ತಮ್ಮನಿಗೆ ಎರಡು ವರ್ಷದಿಂದ ಮುಖ, ಕುತ್ತಿಗೆ, ಮೊಣಕೈ ಸಂದುಗಳಲ್ಲಿ ತುರಿಕೆ, ಚರ್ಮ ದಪ್ಪವಾಗಿದೆ. ‘ಬಿಸಿಲಿನ ಅಲರ್ಜಿ’ ಎಂದರು. ಅವನಿಗೆ ಯಾವ ಸನ್‌ಸ್ಕ್ರೀನ್ ಒಳ್ಳೆಯದು?
ರೈತರು, ಗದಗ ಜಿಲ್ಲೆ

ಉತ್ತರ: ನಿಮ್ಮ ತಂದೆಯವರ ಚರ್ಮಕ್ಕೆ ಎರಡು ರಕ್ಷಣೆಗಳಿದ್ದವು. ಒಂದು ಹುಟ್ಟಿನಿಂದ ಬಂದ ಮೆಲನಿನ್ ಎಂಬ ಬಣ್ಣ. ಅದು ದಟ್ಟವಾಗಿರುವವರಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ಆದ್ದರಿಂದ ಆ ಭಯವನ್ನು ಹುಟ್ಟಿಸಿ ನಿಮಗೆ ಸನ್‌ಸ್ಕ್ರೀನ್ ಮಾರುವವರ ಮಾತನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಬೇಡಿ. ಇನ್ನೊಂದು ಅವರ ರುಮಾಲು. ಹಲವು ಮಡಿಕೆಗಳ ಹತ್ತಿ ಬಟ್ಟೆ ನೆತ್ತಿಯನ್ನೂ ಹಣೆಯನ್ನೂ ಕಿವಿಯ ಮೇಲ್ಭಾಗವನ್ನೂ ಮುಚ್ಚುತ್ತಿತ್ತು, ಅದರ ಜೊತೆಗೆ ತುಂಬುತೋಳಿನ ಅಂಗಿ. ಒತ್ತಾಗಿ ನೇಯ್ದ ಒಣ ಬಟ್ಟೆಯಷ್ಟು ಖಚಿತವಾದ ಸನ್‌ಸ್ಕ್ರೀನನ್ನು ಯಾವ ಕಂಪನಿಯೂ ತಯಾರಿಸಿಲ್ಲ. ಅದನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಯೂ ಇಲ್ಲ. ಈಗಿನವರು ಹೊಲಕ್ಕೆ ತೆಳ್ಳನೆಯ ಅರ್ಧತೋಳಿನ ಟೀ ಶರ್ಟ್, ಮುಂದಷ್ಟೇ ಅಂಚಿರುವ ಕ್ಯಾಪ್ ಹಾಕಿಕೊಂಡು ಹೋಗುತ್ತಾರೆ. ಕಿವಿಯೂ ಹಿಂಗತ್ತೂ ಬಯಲಾಗಿರುತ್ತವೆ. ದಿನವಿಡೀ ಬೆವರುವ ರೈತರಿಗೆ ಮೈಗೆಲ್ಲ ಎರಡು ಗಂಟೆಗೊಮ್ಮೆ ಕ್ರೀಮ್ ಹಚ್ಚಿ ಎಂದು ಹೇಳುವುದು ನನ್ನ ದೃಷ್ಟಿಯಲ್ಲಿ ಹಾಸ್ಯಾಸ್ಪದ. ಬಂಗೋ, ಬೇರೆ ಕಾಯಿಲೆಯೋ ಇಲ್ಲದಿದ್ದರೆ ರುಮಾಲು ಮತ್ತು ತುಂಬುತೋಳಿನ ಅಂಗಿ ಸಾಕು. ಹೊಲದ ಬಿಸಿಲಿನಿಂದ ನೀವು ಹೆಚ್ಚು ಕಾಪಾಡಿಕೊಳ್ಳಬೇಕಾದದ್ದು ಕಣ್ಣನ್ನು. ಕಣ್ಣಿನ ಪೊರೆ ಬರಲು ನೇರಳಾತೀತ ಕಿರಣಗಳೂ ಒಂದು ಕಾರಣ.

ನಿಮ್ಮ ತಮ್ಮನ ವಿಷಯ ಬೇರೆ, ಅದನ್ನು ಹಗುರವಾಗಿ ಕಾಣಬೇಡಿ. ಬರಿಯ ಬಿಸಿಲಿನ ಅಲರ್ಜಿಯಾದರೆ ನೆರಳಿನ ಜಾಗಗಳು, ಅಂದರೆ ಗಲ್ಲದ ಕೆಳಗೆ, ಕಿವಿಯ ಹಿಂದೆ, ಕಣ್ಣಿನ ಮೇಲ್ರೆಪ್ಪೆಯ ಮಡಿಕೆ, ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತವೆ. ಮೊಣಕೈ ಸಂದಿಗೆ, ಕುತ್ತಿಗೆಯ ಮಡಿಕೆಗೆ ಬಿಸಿಲು ಎಷ್ಟು ತಾನೇ ಬೀಳುತ್ತದೆ? ಅಂತಹ ಕಡೆಗಳಲ್ಲಿಯೂ ತುರಿಕೆ ಇದ್ದರೆ ಗಾಳಿಯಲ್ಲಿ ಹಾರಿಬಂದು ಮಡಿಕೆಗಳಲ್ಲಿ ಕೂರುವ ಯಾವುದೋ ಪುಡಿಯನ್ನು ಮೊದಲು ಅನುಮಾನಿಸಬೇಕು. ನಮ್ಮ ನಾಡಿನಲ್ಲಿ ಆ ಅನುಮಾನ ಮೊದಲು ಹೋಗುವುದು ಪಾರ್ಥೇನಿಯಂ ಕಡೆಗೆ, ಹೊಲದ ಬದುಗಳಲ್ಲೂ ರಸ್ತೆಯ ಪಕ್ಕದಲ್ಲೂ ಬಿಳಿ ಹೂ ಬಿಟ್ಟು ನಿಲ್ಲುವ ಕಾಂಗ್ರೆಸ್ ಕಳೆಯ ಕಡೆಗೆ. ಇದರ ಅಲರ್ಜಿ ವರ್ಷಗಟ್ಟಲೆ ಮುಂದುವರಿದರೆ ಬಿಸಿಲಿಗೂ ಚರ್ಮ ಸಹನೆ ಕಳೆದುಕೊಳ್ಳುತ್ತದೆ. ಹಾಗಾಗಿ ‘ಬಿಸಿಲಿನ ಅಲರ್ಜಿ’ ಎಂದವರು ಅರ್ಧ ಸರಿಯಿರಬಹುದು. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಯವರೆಗೆ ಕಳೆ ಕೀಳುವ ಕೆಲಸ ಅವರಿಗೆ ಬೇಡ, ಒಣಗಿದ ಕಳೆಯನ್ನು ಸುಡುವ ಕಡೆಗೂ ಹೋಗುವುದು ಬೇಡ. ಸನ್‌ಸ್ಕ್ರೀನ್ ಅವರ ಚಿಕಿತ್ಸೆಯಲ್ಲಿ ಕೊನೆಯ ಸಾಲಿನಲ್ಲಿ ಬರುತ್ತದೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ. ಕಿಟಕಿಯ ಪಕ್ಕದಲ್ಲಿ ಕುಳಿತು ಕೆಲಸ. ಕಂಪ್ಯೂಟರ್ ಪರದೆಯ ನೀಲಿ ಬೆಳಕಿಗೆಂದು ಬೇರೆ ಸನ್‌ಸ್ಕ್ರೀನ್ ಕೊಳ್ಳಬೇಕೆನ್ನುತ್ತಾರೆ. ಈ ನಡುವೆ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಬಂದಿದೆ. ಸನ್‌ಸ್ಕ್ರೀನ್ ಬಿಡಬೇಕೇ?
ಬೆಂಗಳೂರು

ಉತ್ತರ: ಪರದೆಯಿಂದ ಬರುವ ಬೆಳಕು ಸೂರ್ಯನ ಬೆಳಕಿನ ಮುಂದೆ ಲೆಕ್ಕಕ್ಕೇ ಬಾರದಷ್ಟು ಅಲ್ಪ, ಅದಕ್ಕಾಗಿ ಬೇರೆ ಕ್ರೀಮ್ ಕೊಳ್ಳುವುದು ದುಂದು. ನಿಮ್ಮ ಕಿಟಕಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸಾಧಾರಣ ಗಾಜು ಯುವಿಬಿಯನ್ನು ತಡೆದು ಯುವಿಎಯನ್ನು ಒಳಗೆ ಬಿಡುತ್ತದೆ. ವಿಟಮಿನ್ ಡಿ ತಯಾರಾಗುವುದು ಯುವಿಬಿಯಿಂದ, ಚರ್ಮ ಸುಕ್ಕಾಗಿ ಕಲೆ ಮೂಡುವುದು ಹೆಚ್ಚಾಗಿ ಯುವಿಎಯಿಂದ. ಆದ್ದರಿಂದ ಗಾಜಿನ ಹಿಂದೆ ದಿನವಿಡೀ ಕುಳಿತವರಿಗೆ ಬೇಕಾದದ್ದು ಬರುವುದಿಲ್ಲ, ಬೇಡವಾದದ್ದು ಬರುತ್ತದೆ.

ನಿಮ್ಮ ಕೊರತೆಗೆ ಕಾರಣ ಸನ್‌ಸ್ಕ್ರೀನ್ ಎನ್ನುವುದಕ್ಕಿಂತ ಬಿಸಿಲನ್ನೇ ಕಾಣದ ದಿನಚರಿ ಎನ್ನುವುದು ಹೆಚ್ಚು ಸರಿ. ಬೆಳಗಿನ ಆರೂವರೆಯ ಎಳೆಬಿಸಿಲಿನಲ್ಲಿ ನಡೆದಾಡಿದರೆ ವಿಟಮಿನ್ ಡಿ ಸಿಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸೂರ್ಯ ಅಷ್ಟು ಕೆಳಗಿರುವಾಗ ಯುವಿಬಿ ನೆಲಕ್ಕೆ ತಲುಪುವುದೇ ಬಹಳ ಕಡಿಮೆ. ನಡಿಗೆಯಿಂದ ಹೃದಯಕ್ಕೆ ಒಳ್ಳೆಯದು, ಎಲುಬಿನ ವಿಟಮಿನ್ನಿಗೆ ಅಷ್ಟೇನೂ ಅಲ್ಲ. ಇದಕ್ಕೊಂದು ಸುಲಭ ಅಳತೆಯಿದೆ. ನಿಮ್ಮ ನೆರಳು ನಿಮಗಿಂತ ಉದ್ದವಾಗಿದ್ದರೆ ಬಿಸಿಲು ಸೌಮ್ಯ, ಗಿಡ್ಡವಾಗಿದ್ದರೆ ತೀಕ್ಷ್ಣ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ, ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನಗಳ ಆಸುಪಾಸಿನಲ್ಲಿ ಕಿರಣಗಳು ನೆತ್ತಿಯ ಮೇಲೆ ನೇರವಾಗಿ ಸುರಿಯುತ್ತವೆ. ಊರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ, ತಂಗಾಳಿ ಬೀಸುತ್ತಿದ್ದರೂ ಇಲ್ಲಿನ ಬಿಸಿಲಿನ ತೀಕ್ಷ್ಣತೆ ಕಡಿಮೆಯೇನಲ್ಲ. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಂಡೇ, ತೋಳು ಮತ್ತು ಕಾಲುಗಳಿಗೆ ಮಧ್ಯಾಹ್ನದ ಊಟದ ವೇಳೆಯಲ್ಲಿ ಹತ್ತು ಹದಿನೈದು ನಿಮಿಷ ಬಿಸಿಲು ತಾಗಿಸಿಕೊಳ್ಳಬಹುದು. ಆದರೆ ‘ಬಹಳ ಕಡಿಮೆ’ ಎಂದು ಬಂದಿರುವ ಮಟ್ಟಕ್ಕೆ ಅದನ್ನಷ್ಟೇ ನೆಚ್ಚಿಕೊಳ್ಳದೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆ ತೆಗೆದುಕೊಳ್ಳಿ.

ಪ್ರಶ್ನೆ: ಹದಿನೆಂಟು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಬಲಗೈ ಮತ್ತು ಬಲಗೆನ್ನೆ ಎಡಕ್ಕಿಂತ ಕಪ್ಪಾಗಿವೆ. ಗಾಜು ಏರಿಸಿ ಎ.ಸಿ. ಹಾಕಿದರೂ ಹೀಗೇಕೆ?
ಹುಬ್ಬಳ್ಳಿ

ಉತ್ತರ: ಬೆಂಗಳೂರಿನವರಿಗೆ ಹೇಳಿದ ಗಾಜಿನ ಮಾತೇ ನಿಮಗೂ ಅನ್ವಯಿಸುತ್ತದೆ. ಮುಂದಿನ ಗಾಜು ಎರಡು ಪದರಗಳ ನಡುವೆ ಹಾಳೆಯಿಟ್ಟು ಮಾಡಿದ್ದು, ಅದು ಯುವಿಎಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಪಕ್ಕದ ಬಾಗಿಲಿನ ಗಾಜು ಸಾಮಾನ್ಯವಾಗಿ ಅಂಥದ್ದಲ್ಲ. 28 ವರ್ಷ ಲಾರಿ ಓಡಿಸಿದ ಅಮೆರಿಕದ 69 ವರ್ಷದ ಚಾಲಕರೊಬ್ಬರ ಮುಖಚಿತ್ರ 2012ರಲ್ಲಿ ಅಲ್ಲಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಬಲಗಡೆ ವಯಸ್ಸಿಗೆ ತಕ್ಕ ಮುಖ, ಎಡಗಡೆ ಉತ್ತ ಹೊಲದಂತೆ ಸುಕ್ಕು. ಅಲ್ಲಿ ಚಾಲಕರು ಎಡಕ್ಕೆ ಕೂರುತ್ತಾರೆ, ನಾವು ಬಲಕ್ಕೆ. ಕೈಗೆ ಹತ್ತಿಯ ತೋಳುಚೀಲ ಏರಿಸಿಕೊಳ್ಳಿ, ಅದು ಅಗ್ಗ ಮತ್ತು ಒಗೆಯಬಹುದಾದದ್ದು. ಮುಖಕ್ಕೆ ಮೂರು ಪ್ಲಸ್ ಇರುವ ಸನ್‌ಸ್ಕ್ರೀನನ್ನು ಬೆಳಗ್ಗೆ ಒಮ್ಮೆ, ಊಟದ ನಂತರ ಮುಖ ತೊಳೆದು ಇನ್ನೊಮ್ಮೆ ಹಚ್ಚಿ. ಎಡಗೆನ್ನೆಗೂ ಹಚ್ಚಿ, ಮರೆಯಬೇಡಿ.

ಪ್ರಶ್ನೆ: ಆರು ತಿಂಗಳ ಮಟ್ಟಿಗೆ ಮೆಲ್ಬೋರ್ನಿನಲ್ಲಿರುವ ಮಗ ಸೊಸೆಯ ಮನೆಗೆ ನಾನೂ ನನ್ನ ಮನೆಯವರೂ ನವೆಂಬರ್‌ನಲ್ಲಿ ಹೊರಟಿದ್ದೇವೆ. ಅಲ್ಲಿ ಸನ್‌ಸ್ಕ್ರೀನ್ ಇಲ್ಲದೆ ಹೊರಗೆ ಹೋಗಬಾರದಂತೆ. ಮೊಮ್ಮಗಳಿಗೆ ಐದು ತಿಂಗಳು, ಮೊಮ್ಮಗನಿಗೆ ಎಂಟು ವರ್ಷ, ಅವನು ಈಜಲು ಹೋಗುತ್ತಾನೆ. ಇಲ್ಲಿಂದಲೇ ಕೊಂಡೊಯ್ಯಬೇಕೇ?
ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಕೊಂಡೊಯ್ಯುವ ಅಗತ್ಯವಿಲ್ಲ. ಭಾರತದಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕಗಳ ಸಾಲಿಗೆ ಸೇರಿದರೆ, ಆಸ್ಟ್ರೇಲಿಯದಲ್ಲಿ ಅದು ಔಷಧಗಳ ಮೇಲ್ವಿಚಾರಣೆ ನಡೆಸುವ ಸಂಸ್ಥೆಯ ಹಿಡಿತದಲ್ಲಿದೆ. ಅಲ್ಲಿ ದಿನಸಿ ಅಂಗಡಿಗಳಲ್ಲಿಯೂ ದೊಡ್ಡ ಬಾಟಲಿಗಳಲ್ಲಿ ಸಿಗುತ್ತದೆ. ಅಂಗಿ ತೊಡಿ, ಸನ್‌ಸ್ಕ್ರೀನ್ ಬಳಿ, ಟೊಪ್ಪಿ ಹಾಕು ಎಂಬ ಪ್ರಚಾರವನ್ನು ಅವರು 1981ರಲ್ಲಿಯೇ ಆರಂಭಿಸಿದರು. ಅದೇ ದೇಶದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನ್ಯಾಂಬೂರ್ ಎಂಬ ಊರಿನಲ್ಲಿ 1992ರಿಂದ ಸಾವಿರದ ಆರುನೂರಕ್ಕೂ ಹೆಚ್ಚು ಜನರ ಮೇಲೆ ನಾಲ್ಕೂವರೆ ವರ್ಷ ನಡೆದ ಅಧ್ಯಯನವೇ, ದಿನನಿತ್ಯ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಒಂದು ಬಗೆಯ ಕ್ಯಾನ್ಸರ್ ಕಡಿಮೆಯಾಯಿತೆಂದೂ, ಚರ್ಮಕ್ಕೆ ವಯಸ್ಸಾಗುವುದು ನಿಧಾನವಾಯಿತೆಂದೂ ತೋರಿಸಿಕೊಟ್ಟದ್ದು.

ನಿಮಗೆ ಹೊಸದೆನಿಸುವುದು ಅಲ್ಲಿನ ಚಳಿಗಾಳಿ. ಬಿಸಿಲಿನ ಬಿಸಿಗೂ ನೇರಳಾತೀತ ಕಿರಣಗಳಿಗೂ ನೇರ ಸಂಬಂಧವಿಲ್ಲ. ಸ್ವೆಟರ್ ಹಾಕಿಕೊಂಡು ನಿಂತಿರುವಾಗಲೂ ಅಲ್ಲಿನ ಡಿಸೆಂಬರ್ ಬಿಸಿಲು ಸುಡಬಲ್ಲದು. ಹವಾಮಾನದ ಆ್ಯಪಿನಲ್ಲಿ ‘ಯುವಿ ಇಂಡೆಕ್ಸ್’ ಎಂಬ ಸಂಖ್ಯೆ ಇರುತ್ತದೆ. ಅದು 3 ಅಥವಾ ಹೆಚ್ಚಿದ್ದರೆ ಹಚ್ಚಿಕೊಳ್ಳಿ, ಕಡಿಮೆಯಿದ್ದರೆ ಬೇಕಿಲ್ಲ. ನಿಮ್ಮ ಮೈಬಣ್ಣಕ್ಕೆ ಅಲ್ಲಿನ ಬಿಳಿಯರಷ್ಟು ಅಪಾಯವಿಲ್ಲ. ನಮ್ಮಂಥವರಲ್ಲಿ ಕರಿ ಮಚ್ಚೆಯ ಕ್ಯಾನ್ಸರ್ ಅಪರೂಪಕ್ಕೆ ಬಂದರೂ ಬಿಸಿಲು ಕಾಣದ ಅಂಗಾಲಿನಲ್ಲಿ, ಉಗುರಿನ ಕೆಳಗೆ ಬರುವುದು ಹೆಚ್ಚು. ಅಲ್ಲಿ ಹೊಸದಾಗಿ ಕಪ್ಪು ಗುರುತು ಕಂಡು ಬೆಳೆಯುತ್ತಿದ್ದರೆ ಯಾವ ದೇಶದಲ್ಲಿದ್ದರೂ ತೋರಿಸಿಕೊಳ್ಳಿ.

ಆರು ತಿಂಗಳು ತುಂಬುವವರೆಗೆ ಕೂಸಿಗೆ ಸನ್‌ಸ್ಕ್ರೀನ್ ಬೇಡ, ಕುಲಾವಿ ಮತ್ತು ನೆರಳೇ ಸಾಕು. ಮೊಮ್ಮಗನಿಗೆ ನೀರಿಗಿಳಿಯುವ ಮೊದಲು ‘ವಾಟರ್ ರೆಸಿಸ್ಟೆಂಟ್’ ಬಗೆಯದನ್ನು ಧಾರಾಳವಾಗಿ ಹಚ್ಚಿ, ಮೇಲೆ ಬಂದು ಟವೆಲ್‌ನಿಂದ ಒರೆಸಿದ ಕೂಡಲೇ ಮತ್ತೊಮ್ಮೆ ಹಚ್ಚಿ. ಒರೆಸುವಾಗ ಹೋಗುವಷ್ಟು ನೀರಿನಲ್ಲಿಯೂ ಹೋಗುವುದಿಲ್ಲ. ಕಿವಿಯ ತುದಿ ಮತ್ತು ಪಾದದ ಮೇಲ್ಭಾಗವನ್ನು ಎಲ್ಲ ಅಜ್ಜ ಅಜ್ಜಿಯರೂ ಮರೆಯುತ್ತಾರೆ.

ಪ್ರಶ್ನೆ: ಸತುವಿನ ಆಕ್ಸೈಡಿನ ಪುಡಿಯನ್ನು ಕೊಬ್ಬರಿ ಎಣ್ಣೆ, ಲೋಳೆಸರದೊಂದಿಗೆ ಬೆರೆಸಿ ಮನೆಯಲ್ಲಿಯೇ ಸನ್‌ಸ್ಕ್ರೀನ್ ಮಾಡುವ ವಿಡಿಯೊ ನೋಡಿದೆ. ಮಾಡಬಹುದೇ? ಅಲ್ಲದೆ ಸ್ಕೂಟರಿನ ಡಿಕ್ಕಿಯಲ್ಲಿ ಹೋದ ವರ್ಷದ ಅರ್ಧ ಟ್ಯೂಬ್ ಉಳಿದಿದೆ, ಬಳಸಬಹುದೇ?
ಗೃಹಿಣಿ, ಚಿಕ್ಕಮಗಳೂರು

ಉತ್ತರ: ಮಾಡಬೇಡಿ. ಒರಳಿನಲ್ಲಿ ಎಷ್ಟೇ ಅರೆದರೂ ಆ ಪುಡಿ ಎಣ್ಣೆಯಲ್ಲಿ ಸಮನಾಗಿ ಹರಡದೆ ಗಂಟುಗಂಟಾಗಿ ನಿಲ್ಲುತ್ತದೆ. ಬರಿಗಣ್ಣಿಗೆ ಕಾಣದ ಆ ಗಂಟುಗಳ ನಡುವಿನ ಬಯಲಿನಲ್ಲಿ ಬಿಸಿಲು ಸಲೀಸಾಗಿ ಇಳಿಯುತ್ತದೆ. ಹಚ್ಚಿಕೊಂಡಿದ್ದೇನೆಂಬ ಧೈರ್ಯದಲ್ಲಿ ನೀವು ಇನ್ನೂ ಹೆಚ್ಚು ಹೊತ್ತು ಹೊರಗೆ ನಿಲ್ಲುತ್ತೀರಿ. ಲೋಳೆಸರ ಬಿಸಿಲಿಗೆ ಉರಿದ ಚರ್ಮವನ್ನು ತಂಪಾಗಿಸೀತು, ಬಿಸಿಲನ್ನು ತಡೆಯಲಾರದು. ನಿಂಬೆರಸ ಸೇರಿಸಿ ಎಂದು ಯಾರಾದರೂ ಹೇಳಿದರಂತೂ ಅತ್ತ ತಿರುಗಿಯೂ ನೋಡಬೇಡಿ. ನಿಂಬೆರಸ ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಸುಟ್ಟ ಗಾಯದಂತೆ ಬೊಬ್ಬೆಯೆದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿ ಒಲೆಯಂತೆ ಕಾಯುತ್ತದೆ. ಆ ಟ್ಯೂಬಿನ ಮೇಲಿನ ಅವಧಿ ಮುಗಿದಿರದಿದ್ದರೂ ಒಮ್ಮೆ ಅಂಗೈಗೆ ಹಿಂಡಿ ನೋಡಿ. ಮೊದಲು ನೀರು ಬಂದು, ಆಮೇಲೆ ಮೊಸರೊಡೆದಂತೆ ಕ್ರೀಮ್ ಬಂದರೆ, ಅಥವಾ ವಾಸನೆ ಬದಲಾಗಿದ್ದರೆ, ಅದನ್ನು ಕಸದ ಬುಟ್ಟಿಗೆ ಹಾಕಿ. ಹೊಸದನ್ನು ತಂದಾಗ ಮೊದಲ ಬಾರಿ ತೆರೆದ ತಾರೀಖನ್ನು ಟ್ಯೂಬಿನ ಮೇಲೆ ಪೆನ್ನಿನಿಂದ ಬರೆದಿಟ್ಟುಕೊಳ್ಳಿ. ಅದು ಎಷ್ಟು ದಿನ ಬಂತು ಎಂಬುದೂ ಆಗ ತಿಳಿಯುತ್ತದೆ. ನಲವತ್ತು ದಿನಗಳ ಬದಲು ನಾಲ್ಕು ತಿಂಗಳು ಬಂದಿದ್ದರೆ ಬಳ್ಳಾರಿಯ ಶಿಕ್ಷಕಿಯವರಿಗೆ ಕೊಟ್ಟ ಉತ್ತರವನ್ನು ಇನ್ನೊಮ್ಮೆ ಓದಿ.